ಹೋಂಸ್ಟೇಯಲ್ಲಿ ಗಾಯಗೊಂಡ ಅತಿಥಿಗೆ ಪರಿಹಾರ: ಕಾನೂನು, ಲೆಕ್ಕ ಮತ್ತು ದಾಖಲೆ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಹಾಗೂ ಕರಾವಳಿಯ ಅನೇಕ ಕುಟುಂಬಗಳಿಗೆ ಹೋಂಸ್ಟೇ ಇಂದು ಕೃಷಿಯ ಜೊತೆಗಿನ ಎರಡನೆಯ ವರಮಾನವಾಗಿದೆ. ಕಾಫಿ, ಕಾಳುಮೆಣಸು, ಅಡಿಕೆಗಳ ಧಾರಣೆ ಕುಸಿದ ವರ್ಷಗಳಲ್ಲಿ ವಾರಾಂತ್ಯದ ಅತಿಥಿಗಳು ಕೊಡುವ ಬಾಡಿಗೆಯೇ ಮನೆಯ ಖರ್ಚನ್ನು ತೂಗಿಸಿರುವುದುಂಟು. ಆದರೆ ಬಾಡಿಗೆ ಪಡೆದ ಕ್ಷಣದಿಂದ ಮನೆಯ ಯಜಮಾನನು ಕಾನೂನಿನ ದೃಷ್ಟಿಯಲ್ಲಿ ಸೇವೆ ಒದಗಿಸುವವನಾಗುತ್ತಾನೆ, ಅತಿಥಿಯು ಗ್ರಾಹಕನಾಗುತ್ತಾನೆ. ಅವಘಡ ಸಂಭವಿಸುವವರೆಗೆ ಈ ಅಂಶವು ಇಬ್ಬರ ಗಮನಕ್ಕೂ ಬರುವುದಿಲ್ಲ.

ಪಾಚಿಗಟ್ಟಿದ ಮೆಟ್ಟಿಲು, ಕಂಬಿಯಿಲ್ಲದ ಮಹಡಿ, ಗಾಳಿಯಾಡದ ಸ್ನಾನಗೃಹದಲ್ಲಿ ಕೂರಿಸಿದ ಗ್ಯಾಸ್ ಗೀಸರ್, ಕಾವಲಿಲ್ಲದ ಈಜುಕೊಳ ಇವೇ ಅಪಾಯದ ಸಾಮಾನ್ಯ ಮೂಲಗಳು. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿನ ರೆಸಾರ್ಟಿನಲ್ಲಿ ಗ್ಯಾಸ್ ಹೀಟರ್ ಉರಿಯುತ್ತಿದ್ದ ಕೊಠಡಿಯಲ್ಲಿ ಮಲಗಿದ್ದ ಕೇರಳದ ಎಂಟು ಪ್ರವಾಸಿಗರು ಉಸಿರುಗಟ್ಟಿ ಮೃತಪಟ್ಟರು. 2024ರ ನವೆಂಬರ್‌ನಲ್ಲಿ ಮಂಗಳೂರು ಬಳಿಯ ಉಚ್ಚಿಲದ ಖಾಸಗಿ ರೆಸಾರ್ಟಿನ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಅಸುನೀಗಿದರು. ಇಂತಹ ಘಟನೆಗಳ ಬಳಿಕ ಪೊಲೀಸ್ ತನಿಖೆ ನಡೆಯುತ್ತದೆ, ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಗಾಯಗೊಂಡವರ ಅಥವಾ ಮೃತರ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರದ ಪ್ರಶ್ನೆ ಮಾತ್ರ ಹಿಂದೆ ಬೀಳುತ್ತದೆ.

ಗಾಯವೊಂದೇ ಸಾಲದು

ಅತಿಥಿ ಬಿದ್ದು ಕಾಲು ಮುರಿದುಕೊಂಡ ಮಾತ್ರಕ್ಕೆ ಪರಿಹಾರ ದೊರೆಯುವುದಿಲ್ಲ. ಮಾಲೀಕನು ವಹಿಸಬೇಕಾಗಿದ್ದ ಎಚ್ಚರಿಕೆಯನ್ನು ವಹಿಸಲಿಲ್ಲ ಹಾಗೂ ಅದರಿಂದಲೇ ಗಾಯವಾಯಿತು ಎಂಬುದನ್ನು ತೋರಿಸಬೇಕು. ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ ಪ್ರಕಾರ ಗ್ರಾಹಕನಿಗೆ ನಷ್ಟ ಅಥವಾ ಹಾನಿ ಉಂಟುಮಾಡುವ ನಿರ್ಲಕ್ಷ್ಯವೂ ಸೇವಾ ನ್ಯೂನತೆಯೇ. ಆದರೆ ಆ ನ್ಯೂನತೆಯನ್ನು ರುಜುವಾತುಪಡಿಸುವ ಹೊಣೆ ದೂರುದಾರನದೇ ಎಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಸ್ಪಷ್ಟಪಡಿಸಿದೆ. ಅತಿಥಿಯೇ ಮದ್ಯಪಾನ ಮಾಡಿ ನಿಷೇಧಿತ ಜಾಗಕ್ಕೆ ಹೋಗಿದ್ದರೆ ಪರಿಹಾರ ಕಡಿಮೆಯಾಗಬಹುದು, ಇಲ್ಲವೇ ದೂರೇ ವಜಾ ಆಗಬಹುದು.

ಈ ವಿಷಯದಲ್ಲಿ ಕೋವಳಂ ಪ್ರಕರಣವು ಗಮನಾರ್ಹ. ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮಕ್ಕೆ ಸೇರಿದ ಹೋಟೆಲಿನ ಈಜುಕೊಳದಲ್ಲಿ 2006ರ ಮಾರ್ಚ್‌ನಲ್ಲಿ ಅತಿಥಿಯೊಬ್ಬರು ಮುಳುಗಿ ಮೃತಪಟ್ಟರು. ಜೀವರಕ್ಷಕನಿಗೆ ಬಾರಿನ ಕೆಲಸವನ್ನೂ ವಹಿಸಲಾಗಿತ್ತೆಂಬ ಸಂಗತಿ ವಿಚಾರಣೆಯಲ್ಲಿ ಹೊರಬಂದಿತು. ರಾಷ್ಟ್ರೀಯ ಆಯೋಗವು ಕುಟುಂಬಕ್ಕೆ ವಿಧಿಸಿದ ರೂ. 62.50 ಲಕ್ಷ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಎತ್ತಿಹಿಡಿಯಿತು. ಜೀವರಕ್ಷಕನನ್ನು ನೇಮಿಸಿದರೆ ಸಾಲದು, ಆತ ಆ ಕೆಲಸದಲ್ಲಿಯೇ ಇರಬೇಕೆಂಬುದು ಇದರ ಸಾರ. ಘಟನೆಗೂ ಅಂತಿಮ ತೀರ್ಪಿಗೂ ನಡುವೆ ಹದಿಮೂರು ವರ್ಷಗಳು ಸಂದವೆಂಬುದನ್ನೂ ಮರೆಯಬಾರದು.

ದೂರು ಎಲ್ಲಿ, ಯಾರ ಮೇಲೆ?

1986ರ ಹಳೆಯ ಕಾಯ್ದೆಯಲ್ಲಿ ಪರಿಹಾರದ ಮೊತ್ತವನ್ನೂ ಪರಿಗಣಿಸಿ ವೇದಿಕೆಯನ್ನು ನಿರ್ಧರಿಸಲಾಗುತ್ತಿತ್ತು. ಈಗ ಪಾವತಿಸಿದ ಪ್ರತಿಫಲವೇ ಆಧಾರ. ರೂ. 50 ಲಕ್ಷದವರೆಗಿನ ಪ್ರತಿಫಲದ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ಪ್ರತಿಫಲ ರೂ. 5 ಲಕ್ಷ ಮೀರದಿದ್ದರೆ ಶುಲ್ಕವೇ ಇಲ್ಲ. ಎರಡು ದಿನಗಳಿಗೆ ರೂ. 8,000 ಬಾಡಿಗೆ ಕೊಟ್ಟ ಅತಿಥಿಯು ರೂ. 20 ಲಕ್ಷ ಪರಿಹಾರ ಕೋರಿದರೂ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಅದಕ್ಕಾಗಿ ಮಡಿಕೇರಿಗೋ ಚಿಕ್ಕಮಗಳೂರಿಗೋ ಹೋಗಬೇಕಾಗಿಲ್ಲ. ತಾನು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲಿಯೇ ದೂರು ಸಲ್ಲಿಸುವ ಸೌಲಭ್ಯವನ್ನು ಹೊಸ ಕಾಯ್ದೆ ಕಲ್ಪಿಸಿದೆ. ವಕೀಲರ ನೇಮಕವೂ ಕಡ್ಡಾಯವಲ್ಲ. ಘಟನೆಯಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಕೆಯಾಗಬೇಕು. ವಿಳಂಬವಾದರೆ ಸಕಾರಣ ತೋರಿಸಬೇಕು. ಅತಿಥಿ ಮೃತಪಟ್ಟಿದ್ದರೆ ವಾರಸುದಾರರು ದೂರು ನೀಡಬಹುದು.

ಕೊಠಡಿಯನ್ನು ಸ್ನೇಹಿತನು ಕಾಯ್ದಿರಿಸಿ ಹಣ ಕೊಟ್ಟಿದ್ದರೂ ಆತನ ಒಪ್ಪಿಗೆಯಿಂದ ತಂಗಿದವನು ಗ್ರಾಹಕನೇ. ಸಂಸ್ಥೆಯು ತನ್ನ ನೌಕರರ ವಿಹಾರಕ್ಕೆ ಕೊಠಡಿ ಪಡೆದಿದ್ದರೆ ಅದು ವಾಣಿಜ್ಯ ಉದ್ದೇಶವೆಂಬ ಆಕ್ಷೇಪಣೆ ಬರಬಹುದು. ಆಸ್ಪತ್ರೆಯ ದಾದಿಯರ ವಾಸಕ್ಕೆಂದು ಫ್ಲ್ಯಾಟುಗಳನ್ನು ಕೊಂಡ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ, ಲಾಭಗಳಿಕೆಯ ಚಟುವಟಿಕೆಯೊಂದಿಗೆ ನೇರ ಸಂಬಂಧವಿಲ್ಲದ ವ್ಯವಹಾರವು ವಾಣಿಜ್ಯ ಉದ್ದೇಶದ್ದಲ್ಲವೆಂದು ಹೇಳಿದೆ. ನೌಕರರ ವಿಹಾರಕ್ಕೂ ಈ ತತ್ತ್ವವನ್ನು ಆಧಾರವಾಗಿ ಮುಂದಿಡಬಹುದು.

ಮಾಲೀಕ ಒಬ್ಬ, ಗುತ್ತಿಗೆಗೆ ಪಡೆದು ನಡೆಸುವವನು ಇನ್ನೊಬ್ಬನಾಗಿದ್ದರೆ ಇಬ್ಬರನ್ನೂ ಎದುರುದಾರರನ್ನಾಗಿ ಮಾಡುವುದು ಕ್ಷೇಮ. ಆನ್‌ಲೈನ್ ತಾಣದ ಮೂಲಕ ಕಾಯ್ದಿರಿಸಿದ್ದಲ್ಲಿ, ಇ-ವಾಣಿಜ್ಯ ನಿಯಮಗಳು 2020ರ ಪ್ರಕಾರ ಆ ತಾಣದ ಕುಂದುಕೊರತೆ ಅಧಿಕಾರಿಯು ದೂರನ್ನು 48 ಗಂಟೆಗಳಲ್ಲಿ ಸ್ವೀಕರಿಸಿ ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಮೆಟ್ಟಿಲಿನ ದೋಷಕ್ಕೆ ತಾಣವು ತಾನಾಗಿಯೇ ಹೊಣೆಯಾಗುವುದಿಲ್ಲ. ಅದು ಏನನ್ನು ಭರವಸೆ ನೀಡಿತ್ತು, ಹಣವನ್ನು ಯಾರ ಹೆಸರಿನಲ್ಲಿ ಪಡೆಯಿತು ಎಂಬುದರ ಮೇಲೆ ಅದರ ಹೊಣೆ ನಿಂತಿರುತ್ತದೆ.

ಮೊತ್ತದ ಲೆಕ್ಕ

ದೇಹಹಾನಿಯ ಪರಿಹಾರದಲ್ಲಿ ಯಾವ ಬಾಬುಗಳಿರಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2010ರ ಮೋಟಾರು ಅಪಘಾತದ ತೀರ್ಪೊಂದರಲ್ಲಿ ವಿವರಿಸಿದೆ. ಚಿಕಿತ್ಸೆ, ಪ್ರಯಾಣ ಹಾಗೂ ಪೌಷ್ಟಿಕ ಆಹಾರದ ವೆಚ್ಚ, ಚಿಕಿತ್ಸಾ ಅವಧಿಯ ದುಡಿಮೆಯ ನಷ್ಟ, ಶಾಶ್ವತ ಅಂಗವೈಕಲ್ಯದಿಂದಾಗುವ ಭವಿಷ್ಯದ ವರಮಾನದ ನಷ್ಟ, ಮುಂದಿನ ಚಿಕಿತ್ಸೆಯ ವೆಚ್ಚ, ನೋವು ಮತ್ತು ಯಾತನೆ, ಜೀವನ ಸೌಖ್ಯದ ನಷ್ಟ ಇವು ಮುಖ್ಯವಾದವು. ಗ್ರಾಹಕ ಆಯೋಗಗಳು ಈ ಕ್ರಮಕ್ಕೆ ಕಟ್ಟುಬಿದ್ದಿಲ್ಲವಾದರೂ ಇದು ಉಪಯುಕ್ತ ಮಾನದಂಡ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. 38 ವರ್ಷದ ವರ್ತಕನೊಬ್ಬನ ತೆರಿಗೆ ಕಳೆದ ವಾರ್ಷಿಕ ವರಮಾನ ರೂ. 6,00,000 ಎಂದಿಟ್ಟುಕೊಳ್ಳೋಣ. ವೈದ್ಯರು ಕಾಲಿನ ವೈಕಲ್ಯವನ್ನು ಶೇ. 40 ಎಂದು ಪ್ರಮಾಣೀಕರಿಸಬಹುದು. ಆದರೆ ಆತನ ಗಳಿಕೆಯ ಶಕ್ತಿ ಎಷ್ಟು ಕುಂದಿತೆಂಬುದು ಬೇರೆಯೇ ಪ್ರಶ್ನೆ. ಚಾಲಕನಿಗೆ ಆಗುವಷ್ಟು ನಷ್ಟ ಗಲ್ಲೆಯ ಮೇಲೆ ಕುಳಿತವನಿಗೆ ಆಗದು. ಗಳಿಕೆಯ ನಷ್ಟವನ್ನು ಶೇ. 20 ಎಂದು ಹಿಡಿದರೆ ವರ್ಷಕ್ಕೆ ರೂ. 1,20,000 ಆಗುತ್ತದೆ. 36ರಿಂದ 40ರ ವಯೋಮಾನಕ್ಕೆ 2009ರ ತೀರ್ಪಿನಲ್ಲಿ ನಿಗದಿಯಾದ ಗುಣಕ 15. ಅದರಂತೆ ಈ ಒಂದು ಬಾಬಿನಲ್ಲಿಯೇ ರೂ. 18,00,000 ಕೋರಬಹುದು.

ಅದೇ ವರ್ತಕನು ತೆರಿಗೆ ತಪ್ಪಿಸಲು ರಿಟರ್ನಿನಲ್ಲಿ ಅರ್ಧದಷ್ಟೇ ವರಮಾನ ತೋರಿಸಿದ್ದರೆ ಮೊತ್ತವು ರೂ. 9,00,000ಕ್ಕೆ ಇಳಿಯುತ್ತದೆ. ಅಂಗಡಿಯಲ್ಲಿ ನಿಜವಾಗಿ ಎಷ್ಟು ವ್ಯಾಪಾರವಿತ್ತೆಂದು ಆಗ ವಾದಿಸಿ ಪ್ರಯೋಜನವಿಲ್ಲ. ಅವಘಡದ ನಂತರ ಸಲ್ಲಿಸಿದ ರಿಟರ್ನುಗಳಿಗೆ ಬೆಲೆಯೂ ಕಡಿಮೆ.

ಮೊದಲ ವಾರದ ದಾಖಲೆಗಳು

ಅತಿಥಿಯ ಕಡೆಯವರು ತಡಮಾಡದೆ ಸಂಗ್ರಹಿಸಬೇಕಾದವು ಇಂತಿವೆ:

1. ಬಾಡಿಗೆ ರಸೀದಿ, ಜಿ.ಎಸ್.ಟಿ. ಬಿಲ್ಲು ಇದ್ದರೆ ಅದು, ಪಾವತಿಯ ಬ್ಯಾಂಕ್ ದಾಖಲೆ, ಕಾಯ್ದಿರಿಸಿದ ಸಂದೇಶಗಳು ಮತ್ತು ಜಾಹೀರಾತಿನ ಪ್ರತಿ. ನಗದು ಕೊಟ್ಟು ರಸೀದಿ ಪಡೆಯದಿದ್ದರೆ ಗ್ರಾಹಕನೆಂಬುದನ್ನು ಸಾಬೀತುಪಡಿಸುವುದೇ ಕಷ್ಟವಾಗುತ್ತದೆ.

2. ಘಟನಾ ಸ್ಥಳದ ಛಾಯಾಚಿತ್ರಗಳು. ಮಾರನೆಯ ದಿನವೇ ಮೆಟ್ಟಿಲು ತೊಳೆದು ಕಂಬಿ ಕೂರಿಸುವುದು ಅಪರೂಪವೇನಲ್ಲ.

3. ಆಸ್ಪತ್ರೆಯಲ್ಲಿ ವೈದ್ಯಕೀಯ-ಕಾನೂನು ಪ್ರಕರಣವಾಗಿ ದಾಖಲಾತಿ, ಗಾಯದ ಪ್ರಮಾಣಪತ್ರ ಹಾಗೂ ಪೊಲೀಸ್ ದೂರಿನ ಪ್ರತಿ.

4. ಎಲ್ಲ ಬಿಲ್ಲುಗಳು. ಮೂಲ ಪ್ರತಿಗಳನ್ನು ಆರೋಗ್ಯ ವಿಮೆಗೆ ಕೊಡುವ ಮುನ್ನ ದೃಢೀಕೃತ ನಕಲು ಇಟ್ಟುಕೊಳ್ಳಬೇಕು.

5. ಹಿಂದಿನ ಮೂರು ವರ್ಷಗಳ ಆದಾಯ ತೆರಿಗೆ ರಿಟರ್ನುಗಳು ಅಥವಾ ವೇತನ ಪತ್ರ.

ಮಾಲೀಕರು ಆಸ್ಪತ್ರೆಯ ಖರ್ಚಿಗೆಂದು ಹಣ ಕೊಟ್ಟು "ಪೂರ್ಣ ಇತ್ಯರ್ಥ" ಎಂಬ ಒಕ್ಕಣೆಯಿರುವ ಕಾಗದಕ್ಕೆ ಸಹಿ ಕೇಳಿದರೆ, ವೈಕಲ್ಯ ಎಷ್ಟೆಂದು ತಿಳಿಯುವ ಮುನ್ನ ಸಹಿ ಹಾಕಬಾರದು. ಪಡೆದ ಹಣಕ್ಕೆ ಮಾತ್ರ ರಸೀದಿ ಕೊಟ್ಟರೆ ಸಾಕು. ಆಯೋಗದ ಆದೇಶದಲ್ಲಿ ಪರಿಹಾರ ಮತ್ತು ಬಡ್ಡಿಯನ್ನು ಬೇರೆ ಬೇರೆಯಾಗಿ ನಮೂದಿಸುವಂತೆ ಕೋರುವುದೂ ಒಳ್ಳೆಯದು. ತೆರಿಗೆಯ ದೃಷ್ಟಿಯಲ್ಲಿ ಇವೆರಡೂ ಒಂದೇ ಅಲ್ಲ.

ಮಾಲೀಕರು ಗಮನಿಸಬೇಕಾದುದು

"ಅವಘಡಕ್ಕೆ ನಾವು ಜವಾಬ್ದಾರರಲ್ಲ" ಎಂಬ ಫಲಕ ತೂಗುಹಾಕಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಅತಿಥಿಯ ಕಾರು ಕಳವಾದ ಪ್ರಕರಣದಲ್ಲಿ, ಚೀಟಿಯ ಮೇಲೆ ಮುದ್ರಿಸಿದ ಷರತ್ತಿನ ಮರೆಯಲ್ಲಿ ಹೋಟೆಲು ತನ್ನ ನಿರ್ಲಕ್ಷ್ಯದಿಂದ ನುಣುಚಿಕೊಳ್ಳುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಹೇಳಿದೆ. ದೇಹಹಾನಿಯ ವಿಷಯದಲ್ಲಿ ಅಂತಹ ಫಲಕವನ್ನು ನೆಚ್ಚಿಕೊಳ್ಳುವುದು ಇನ್ನೂ ಅವಿವೇಕ.

ಸಾರ್ವಜನಿಕ ಹೊಣೆಗಾರಿಕೆಯ ವಿಮೆಯನ್ನು ಸಾಮಾನ್ಯ ವಿಮಾ ಕಂಪನಿಗಳು ನೀಡುತ್ತವೆ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯಡಿಯ ವಿಮೆ ಅಪಾಯಕಾರಿ ವಸ್ತುಗಳಿಗೆ ಸಂಬಂಧಿಸಿದ್ದು. ಎರಡನ್ನೂ ಒಂದೆಂದು ಭಾವಿಸಬಾರದು. ವಾಸದ ಮನೆಗೆಂದು ಮಾಡಿಸಿದ ವಿಮೆಯು ಹಣ ಕೊಟ್ಟು ತಂಗಿದ ಅತಿಥಿಯ ಗಾಯಕ್ಕೂ ಅನ್ವಯಿಸುತ್ತದೆಂದು ಊಹಿಸುವುದೂ ಸರಿಯಲ್ಲ. ಹೊಣೆಗಾರಿಕೆ ವಿಮೆಯ ಕಂತು ವ್ಯವಹಾರದ ವೆಚ್ಚವಾಗಿ ಲೆಕ್ಕಕ್ಕೆ ಬರುತ್ತದೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಅತಿಥಿಗಳ ದಾಖಲೆ ಪುಸ್ತಕ, ಗೀಸರ್ ಮತ್ತು ವಿದ್ಯುತ್ ತಪಾಸಣೆಯ ರಸೀದಿಗಳು ದೂರಿನ ಸಂದರ್ಭದಲ್ಲಿ ಮಾಲೀಕನ ಪ್ರಮುಖ ಸಾಕ್ಷ್ಯಗಳಾಗುತ್ತವೆ.

ಆಯೋಗದ ನೋಟಿಸಿಗೆ 30 ದಿನಗಳಲ್ಲಿ, ಹೆಚ್ಚೆಂದರೆ ಇನ್ನೂ 15 ದಿನಗಳಲ್ಲಿ ಉತ್ತರ ಸಲ್ಲಿಸಲೇಬೇಕು. ಜಿಲ್ಲಾ ಆಯೋಗದ ಆದೇಶದ ವಿರುದ್ಧ 45 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ಆದರೆ ಹಣ ಪಾವತಿಸಬೇಕಾದವರು ಅರ್ಧ ಮೊತ್ತವನ್ನು ಮೊದಲು ಠೇವಣಿಯಿಡಬೇಕು. ಒಂದು ಋತುವಿನ ಸಂಪಾದನೆಯನ್ನೇ ನಂಬಿರುವ ಕುಟುಂಬಕ್ಕೆ ಇದು ಸಣ್ಣ ಹೊರೆಯಲ್ಲ. ಮೆಟ್ಟಿಲಿಗೆ ಕಂಬಿ ಹಾಕಿಸಲು, ಗೀಸರನ್ನು ಸ್ನಾನಗೃಹದ ಹೊರಗೆ ಕೂರಿಸಲು ತಗಲುವ ವೆಚ್ಚವು ಇದರ ಮುಂದೆ ಅತ್ಯಲ್ಪ. ಮುಂದಿನ ರಜಾಕಾಲಕ್ಕೆ ಕೊಠಡಿಗಳನ್ನು ಸಿದ್ಧಪಡಿಸುವ ಮುನ್ನ ಈ ಎರಡು ಕೆಲಸಗಳನ್ನು ಮುಗಿಸಿ, ಅವುಗಳ ಬಿಲ್ಲುಗಳನ್ನು ಕಡತದಲ್ಲಿ ಸೇರಿಸಿಡುವುದು ಜಾಣತನ.