ಗುರಿ ಸರಿಯಾಗಿತ್ತು, ಗುಂಡು ಏಕೆ ತಪ್ಪಿತು?

ಮಕ್ಕಳೇ, ಲಗೋರಿ ಆಡುವಾಗ ಓಡುತ್ತಿರುವ ಗೆಳೆಯನಿಗೆ ಚೆಂಡು ಹೊಡೆಯಬೇಕಾದರೆ ಎಲ್ಲಿಗೆ ಎಸೆಯುತ್ತೀರಿ? ಅವನು ಇರುವ ಜಾಗಕ್ಕೋ, ಇನ್ನೇನು ತಲುಪಲಿರುವ ಜಾಗಕ್ಕೋ? ಇರುವ ಜಾಗಕ್ಕೆ ಎಸೆದರೆ ಚೆಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವನು ಮುಂದೆ ಹೋಗಿಬಿಟ್ಟಿರುತ್ತಾನೆ. ಆದ್ದರಿಂದ ನೀವು ಸ್ವಲ್ಪ ಮುಂದಕ್ಕೆ ಎಸೆಯುತ್ತೀರಿ. ಇದನ್ನು ಯಾರೂ ನಿಮಗೆ ಪಾಠ ಮಾಡಿಲ್ಲ. ಆಡಿ ಆಡಿ ಕಲಿತಿದ್ದೀರಿ.

ಇಂಟರ್‌ನೆಟ್ ಮೂಲಕ ಹಲವರು ಸೇರಿ ಆಡುವ ಟ್ಯಾಂಕ್ ಆಟಗಳಿವೆ. 2010ರಲ್ಲಿ ಮೊದಲು ರಷ್ಯಾದಲ್ಲಿ ಬಿಡುಗಡೆಯಾದ ‘ವರ್ಲ್ಡ್ ಆಫ್ ಟ್ಯಾಂಕ್ಸ್’ ಅವುಗಳಲ್ಲಿ ಹೆಸರಾದುದು. ಅದರಲ್ಲಿ ಸಾಮಾನ್ಯವಾಗಿ ಒಂದೊಂದು ಕಡೆ 15 ಆಟಗಾರರು. ಒಬ್ಬೊಬ್ಬರಿಗೂ ಒಂದೊಂದು ಟ್ಯಾಂಕ್. ಮೊದಲ ಸಲ ಇಂಥ ಆಟಕ್ಕೆ ಸೇರಿದವರು ಒಂದು ವಿಷಯಕ್ಕೆ ಬೆರಗಾಗುತ್ತಾರೆ. ಎದುರಿನ ಟ್ಯಾಂಕಿನ ನಡುಮಧ್ಯಕ್ಕೆ ಗುರಿಯಿಟ್ಟು ಗುಂಡು ಹಾರಿಸಿದರೂ ಅದು ತಗುಲುವುದಿಲ್ಲ! ಏಕೆ? ಇದಕ್ಕೆ ಎರಡು ಕಾರಣಗಳಿವೆ.

ಗುಂಡಿಗೂ ಸಮಯ ಬೇಕು

ಮೊದಲ ಕಾರಣ ಲಗೋರಿಯದೇ. ಎದುರಿನ ಟ್ಯಾಂಕ್ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಅಡ್ಡಲಾಗಿ ಓಡುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 10 ಮೀಟರ್. ಅದು ನಿಮ್ಮಿಂದ ಒಂದು ಕಿಲೋಮೀಟರ್ ದೂರದಲ್ಲಿದೆ. ನಿಮ್ಮ ಗುಂಡು ಸೆಕೆಂಡಿಗೆ 1,000 ಮೀಟರ್ ಹೋಗುತ್ತದೆ. ಗುಂಡು ಅಲ್ಲಿಗೆ ಮುಟ್ಟಲು ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ ಟ್ಯಾಂಕ್ 10 ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ 10 ಮೀಟರ್ ಮುಂದಕ್ಕೆ ಗುರಿಯಿಡಬೇಕು.

ನಿಜವಾದ ಟ್ಯಾಂಕಿನಲ್ಲೂ ಇದೇ ಲೆಕ್ಕ. ಚೆನ್ನೈ ಬಳಿಯ ಆವಡಿಯಲ್ಲಿ ತಯಾರಾದ ನಮ್ಮ ದೇಶದ ಅರ್ಜುನ್ ಟ್ಯಾಂಕಿನಲ್ಲಿ ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನವಿದೆ. ತೋಪು ಎಷ್ಟು ಮುಂದೆ, ಎಷ್ಟು ಮೇಲೆ ಇರಬೇಕು ಎಂಬ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ.

ನೀವು ನೋಡುವುದು ಹಳೆಯ ಸುದ್ದಿ

ಎರಡನೆಯ ಕಾರಣ ಕಣ್ಣಿಗೆ ಕಾಣದು. ನೀವು ಕವಲಂದೆಯಲ್ಲಿ ಕುಳಿತು ಆಡುತ್ತಿದ್ದೀರಿ. ಎದುರಾಳಿ ಬೇರೆ ಯಾವುದೋ ದೇಶದಲ್ಲಿದ್ದಾನೆ. ನಿಮ್ಮ ಮೊಬೈಲಿಗೂ ಅವನ ಮೊಬೈಲಿಗೂ ನೇರ ಸಂಪರ್ಕವಿಲ್ಲ. ನಡುವೆ ‘ಸರ್ವರ್’ ಎಂಬ ದೊಡ್ಡ ಕಂಪ್ಯೂಟರ್ ಇರುತ್ತದೆ. ಅದು ಸಿಂಗಪುರದಲ್ಲಿದೆ ಎಂದುಕೊಳ್ಳೋಣ.

ನೀವು ಗುಂಡಿ ಒತ್ತಿದಾಗ ‘ಹಾರಿಸು’ ಎಂಬ ಸಂದೇಶ ಮೊಬೈಲಿನಿಂದ ರೇಡಿಯೋ ಅಲೆಯಾಗಿ ಹತ್ತಿರದ ಗೋಪುರಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತುಗಳಲ್ಲಿ ಬೆಳಕಾಗಿ ಓಡುತ್ತದೆ. ಚೆನ್ನೈ ಮುಟ್ಟಿ ಸಮುದ್ರದೊಳಕ್ಕೆ ಇಳಿಯುತ್ತದೆ. ಚೆನ್ನೈಗೂ ಸಿಂಗಪುರಕ್ಕೂ ನಡುವೆ 2002ರಲ್ಲಿ ಸಮುದ್ರದ ತಳದಲ್ಲಿ ಹಾಸಿದ ಒಂದು ಕೇಬಲ್‌ನ ಉದ್ದ ಸುಮಾರು 3,200 ಕಿಲೋಮೀಟರ್! ನೆಲದ ಮೇಲಿನ ದಾರಿಯನ್ನೂ ಸೇರಿಸಿ ಒಟ್ಟು 4,000 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ.

ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. 4,000ವನ್ನು 2,00,000ದಿಂದ ಭಾಗಿಸಿ. 0.02 ಸೆಕೆಂಡ್ ಬಂತಲ್ಲವೇ? ಹೋಗಿ ಬರಲು 0.04 ಸೆಕೆಂಡ್. ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಮಿಲಿಸೆಕೆಂಡ್ ಎನ್ನುತ್ತಾರೆ. ಹಾಗಾದರೆ ಇದು 40 ಮಿಲಿಸೆಕೆಂಡ್. ಸಂದೇಶ ಹೋಗಿ ಬರುವ ಈ ಸಮಯಕ್ಕೆ ಆಟಗಾರರು ‘ಪಿಂಗ್’ ಎನ್ನುತ್ತಾರೆ.

ನಿಜವಾಗಿ ಪಿಂಗ್ ಇನ್ನೂ ಹೆಚ್ಚಿರುತ್ತದೆ. ದಾರಿಯಲ್ಲಿ ಹಲವು ಯಂತ್ರಗಳು ಸಂದೇಶವನ್ನು ತೆಗೆದುಕೊಂಡು ಮುಂದಕ್ಕೆ ದಾಟಿಸಬೇಕು. ಸಂತೆಯ ದಿನ ರಸ್ತೆಯಲ್ಲಿ ಗಾಡಿಗಳು ನಿಲ್ಲುವಂತೆ ಅಲ್ಲಿಯೂ ಸಂದೇಶಗಳು ಸಾಲಿನಲ್ಲಿ ಕಾಯುತ್ತವೆ. ಒಮ್ಮೊಮ್ಮೆ ಅರ್ಧ ಸೆಕೆಂಡೂ ತಡವಾಗಬಹುದು. ಅಷ್ಟರಲ್ಲಿ ಎದುರಿನ ಟ್ಯಾಂಕ್ 5 ಮೀಟರ್ ಸರಿದಿರುತ್ತದೆ. ಅಂದರೆ ಪರದೆಯ ಮೇಲೆ ನೀವು ನೋಡುತ್ತಿರುವುದು ಈಗಿನ ಟ್ಯಾಂಕ್ ಅಲ್ಲ, ಸ್ವಲ್ಪ ಹೊತ್ತಿನ ಹಿಂದಿನ ಟ್ಯಾಂಕ್!

ರೈಲು ಈಗ ಎಲ್ಲಿದೆ?

ಹಾಗಾದರೆ ಸುದ್ದಿ ಬರುವವರೆಗೆ ಪರದೆಯ ಮೇಲಿನ ಟ್ಯಾಂಕ್ ನಿಂತೇ ಇರಬೇಕಲ್ಲವೇ? ಆದರೆ ಅದು ಓಡುತ್ತಲೇ ಇರುತ್ತದೆ. ಹೇಗೆ?

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲು ನಂಜನಗೂಡು ದಾಟಿ ಕವಲಂದೆಗೆ ಬರುತ್ತದೆ. ‘ರೈಲು ನಂಜನಗೂಡು ಬಿಟ್ಟಿತು’ ಎಂಬ ಸುದ್ದಿ ಕವಲಂದೆ ನಿಲ್ದಾಣದಲ್ಲಿ ಕಾಯುವವರಿಗೆ ಸಿಕ್ಕರೆ ಸಾಕು. ಬಿಟ್ಟ ಹೊತ್ತು, ರೈಲಿನ ವೇಗ ಎರಡೂ ಗೊತ್ತಿದ್ದರೆ ಅದು ಈಗ ಎಲ್ಲಿರಬಹುದು ಎಂದು ಅಂದಾಜು ಮಾಡಬಹುದು. ರೈಲು ನಡುವೆ ಎಲ್ಲಾದರೂ ನಿಂತರೆ ಮಾತ್ರ ಹೊಸ ಸುದ್ದಿ ಬೇಕು.

ನಿಮ್ಮ ಯಂತ್ರ ಮಾಡುವುದೂ ಇದನ್ನೇ. ‘ಟ್ಯಾಂಕ್ ಇಲ್ಲಿತ್ತು, ಈ ದಿಕ್ಕಿಗೆ ಇಷ್ಟು ವೇಗದಲ್ಲಿ ಹೋಗುತ್ತಿತ್ತು’ ಎಂಬ ಸಂದೇಶ ಹಿಡಿದು ಮುಂದಿನ ಚಿತ್ರವನ್ನು ಅಂದಾಜಿನಲ್ಲಿ ಬಿಡಿಸುತ್ತದೆ. ಎದುರಾಳಿ ಥಟ್ಟನೆ ತಿರುಗಿದರೆ ಅಂದಾಜು ತಪ್ಪುತ್ತದೆ. ಹೊಸ ಸಂದೇಶ ಬಂದ ಕೂಡಲೇ ಯಂತ್ರ ತಪ್ಪನ್ನು ತಿದ್ದಿಕೊಳ್ಳುತ್ತದೆ. ಆಗ ಟ್ಯಾಂಕ್ ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿದಂತೆ ಕಾಣುತ್ತದೆ.

ಈ ಉಪಾಯ ಬಳಕೆಗೆ ಬಂದದ್ದು ಆಟಕ್ಕಾಗಿ ಅಲ್ಲ. 1983ರಲ್ಲಿ ಅಮೆರಿಕದಲ್ಲಿ ‘ಸಿಮ್‌ನೆಟ್’ ಎಂಬ ಯೋಜನೆ ಶುರುವಾಯಿತು. ಸೈನಿಕರು ಅಣಕು ಟ್ಯಾಂಕುಗಳಲ್ಲಿ ಕುಳಿತು ಒಂದೇ ಅಣಕು ರಣರಂಗದಲ್ಲಿ ತರಬೇತಿ ಪಡೆಯುವಂತೆ ಯಂತ್ರಗಳನ್ನು ತಂತಿಗಳಿಂದ ಜೋಡಿಸಿದರು. ಕ್ಷಣಕ್ಷಣಕ್ಕೂ ಸಂದೇಶ ಕಳಿಸಿದರೆ ಆ ಕಾಲದ ತಂತಿಗಳು ತಾಳುತ್ತಿರಲಿಲ್ಲ. ಅದಕ್ಕೆ ಪ್ರತಿ ಯಂತ್ರವೂ ಉಳಿದವುಗಳ ಜಾಗವನ್ನು ಅಂದಾಜು ಮಾಡುತ್ತಿತ್ತು. ಅಂದಾಜು ತೀರ ತಪ್ಪಾಗುವಂತಿದ್ದರೆ ಮಾತ್ರ ಹೊಸ ಸಂದೇಶ ಬರುತ್ತಿತ್ತು.

ತೀರ್ಪುಗಾರ ಯಾರು?

ನಿಮ್ಮ ಪರದೆಯಲ್ಲಿ ಗುಂಡು ತಗುಲಿದಂತೆ ಕಂಡಿತು. ಎದುರಾಳಿಯ ಪರದೆಯಲ್ಲಿ ಅವನು ಬಂಡೆಯ ಮರೆಗೆ ಸೇರಿಬಿಟ್ಟಿದ್ದ. ಯಾರ ಮಾತು ಸರಿ? ಕಬಡ್ಡಿಯಲ್ಲಿ ಇಬ್ಬರೂ ‘ನಾನು ಗೆದ್ದೆ’ ಎಂದರೆ ತೀರ್ಪುಗಾರರ ಮಾತೇ ಕೊನೆ. ಇಲ್ಲಿ ಆ ಕೆಲಸ ಸರ್ವರಿನದು. ಎಲ್ಲರ ಸಂದೇಶಗಳೂ ಅದಕ್ಕೆ ಬರುತ್ತವೆ. ಅದರ ಲೆಕ್ಕವೇ ಆಟದ ಸತ್ಯ.

ಮಾಡಿ ನೋಡಿ

ಕಂಪ್ಯೂಟರ್ ಇಲ್ಲದೆಯೂ ಇದನ್ನು ಶಾಲೆಯ ಅಂಗಳದಲ್ಲಿ ಪರೀಕ್ಷಿಸಬಹುದು. ಬೇಕಾದವರು ಐದು ಜನ: ಟ್ಯಾಂಕ್ ನಡೆಸುವವರು, ಗುರಿಕಾರರು, ತೀರ್ಪುಗಾರರು, ದೂತ, ಚಪ್ಪಾಳೆ ತಟ್ಟುವವರು.

1. ಹಾಳೆಯ ಮೇಲೆ ಸಾಲಾಗಿ 30 ಮನೆ ಬರೆದು ಸಂಖ್ಯೆ ಹಾಕಿ. ಮೊದಲ ಮನೆಯಲ್ಲಿ ಒಂದು ಕಲ್ಲು ಇಡಿ. ಅದೇ ಟ್ಯಾಂಕ್.

2. ಪ್ರತಿ ಚಪ್ಪಾಳೆಗೆ ಕಲ್ಲು ಒಂದು ಮನೆ ಮುಂದೆ ಹೋಗಲಿ. ತೀರ್ಪುಗಾರರು ಪಕ್ಕದಲ್ಲಿ ಕುಳಿತು ನೋಡಲಿ.

3. ಕಲ್ಲು 5ನೇ ಮನೆಗೆ ಬಂದಾಗ ಚೀಟಿಯಲ್ಲಿ ‘5’ ಎಂದು ಬರೆದು ದೂತನ ಕೈಗೆ ಕೊಡಿ. ಅವನು ಅಂಗಳದ ಆ ತುದಿಯಲ್ಲಿರುವ ಗುರಿಕಾರರಿಗೆ ನಡೆದುಕೊಂಡು ಹೋಗಿ ಕೊಡಲಿ. ಚಪ್ಪಾಳೆ ನಿಲ್ಲಬಾರದು.

4. ಗುರಿಕಾರರು ಯಾವ ಮನೆಗೆ ಗುಂಡು ಎಂದು ಬರೆದು ಕೂಡಲೇ ವಾಪಸು ಕಳಿಸಲಿ. ಚೀಟಿ ಬಂದಾಗ ಕಲ್ಲು ಎಲ್ಲಿದೆ ಎಂದು ತೀರ್ಪುಗಾರರು ನೋಡಲಿ.

ಗುರಿಕಾರರು ‘5’ ಎಂದೇ ಬರೆದಿದ್ದರೆ ಗುಂಡು ತಪ್ಪುತ್ತದೆ. ಚೀಟಿ ಬರಲು 4 ಚಪ್ಪಾಳೆ ಹಿಡಿದರೆ ಹೋಗಲೂ 4 ಬೇಕು. 5ಕ್ಕೆ 8 ಕೂಡಿಸಿ ‘13’ ಎಂದು ಬರೆದರೆ ತಗುಲುತ್ತದೆ. ದೂತ ಓಡಿದರೆ ಎಷ್ಟು ಕೂಡಿಸಬೇಕು? ಟ್ಯಾಂಕ್ ನಡುವೆ ಹಿಂದಕ್ಕೆ ತಿರುಗಿದರೆ ಏನಾಗುತ್ತದೆ? ನೀವೇ ಕಂಡುಕೊಳ್ಳಿ.

ಸೇರುವ ಮುನ್ನ

ಇಂಥ ಆಟಗಳಲ್ಲಿ ಗುಂಡಿನ ಸಂದೇಶ ಮಾತ್ರವಲ್ಲ, ಮಾತಿನ ಸಂದೇಶವೂ ಹೋಗುತ್ತದೆ. ಆಟದ ನಡುವೆ ಗುರುತಿಲ್ಲದವರು ‘ನಿನ್ನ ಹೆಸರೇನು? ಯಾವ ಊರು? ಫೋಟೋ ಕಳಿಸು’ ಎಂದು ಕೇಳಬಹುದು. ಗುಂಡು ತಗುಲಿತೋ ಇಲ್ಲವೋ ಎಂದು ಸರ್ವರ್ ಹೇಳಬಲ್ಲದು. ಹೀಗೆ ಕೇಳುತ್ತಿರುವವರು ನಿಜವಾಗಿ ಯಾರು ಎಂದು ಅದು ಹೇಳಲಾರದು. ಹಾರಿಸಿದ ಗುಂಡಿನಂತೆ ಕಳಿಸಿದ ಫೋಟೋವೂ ಕೈಗೆ ವಾಪಸು ಬರುವುದಿಲ್ಲ.

ಆದ್ದರಿಂದ ಇವನ್ನು ನೆನಪಿಡಿ:

• ಮನೆಯ ಹಿರಿಯರಿಗೆ ಹೇಳದೆ ಸೇರಬೇಡಿ. ಆಟ ಯಾವ ವಯಸ್ಸಿನವರಿಗೆ ಎಂದು ಬರೆದಿರುತ್ತದೆ, ಮೊದಲು ಅದನ್ನು ಓದಿ. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಮಾಹಿತಿ ರಕ್ಷಣೆಯ ಕಾನೂನು ಕೂಡ 18 ವರ್ಷ ತುಂಬದವರ ಮಾಹಿತಿ ಬಳಸಲು ಹೆತ್ತವರ ಅಥವಾ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ.

• ನಿಜವಾದ ಹೆಸರು, ಊರು, ಶಾಲೆ, ಫೋನ್ ಸಂಖ್ಯೆ, ಫೋಟೋ ಯಾರಿಗೂ ಕೊಡಬೇಡಿ.

• ಹೊಸ ಟ್ಯಾಂಕ್ ಕೊಳ್ಳಲು ಹಣ ಕೇಳಿದರೆ ಗುಂಡಿ ಒತ್ತಬೇಡಿ. ಫೋನಿಗೆ ಬರುವ ಓಟಿಪಿಯನ್ನು ಯಾರಿಗೂ ಹೇಳಬೇಡಿ.

• ಯಾರಾದರೂ ಹೆದರಿಸಿದರೆ ಮುಚ್ಚಿಡಬೇಡಿ. ತಪ್ಪು ನಿಮ್ಮದಲ್ಲ. ಮನೆಯವರಿಗೆ ಅಥವಾ ಶಿಕ್ಷಕರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098. ಹಣ ಹೋಗಿದ್ದರೆ ಹಿರಿಯರು 1930ಕ್ಕೆ ಕೂಡಲೇ ಕರೆ ಮಾಡಲಿ.

ಇನ್ನೊಂದು ಮಾತು. ಆಟದಲ್ಲಿ ಟ್ಯಾಂಕ್ ಸುಟ್ಟುಹೋದರೆ ಮುಂದಿನ ಆಟಕ್ಕೆ ಮತ್ತೆ ಸಿಗುತ್ತದೆ. ಅರ್ಜುನ್‌ನಂಥ ನಿಜವಾದ ಟ್ಯಾಂಕಿನೊಳಗೆ ನಾಲ್ಕು ಜನ ಇರುತ್ತಾರೆ. ಅಲ್ಲಿ ‘ಮತ್ತೊಮ್ಮೆ’ ಎಂಬ ಗುಂಡಿ ಇಲ್ಲ.

ಲೆಕ್ಕ ಹಾಕಿ

ಚಂದ್ರ ನಮ್ಮಿಂದ ಸುಮಾರು 3,84,000 ಕಿಲೋಮೀಟರ್ ದೂರದಲ್ಲಿದೆ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಹೋಗುತ್ತದೆ. ಸರ್ವರ್ ಚಂದ್ರನ ಮೇಲಿದ್ದರೆ ನಿಮ್ಮ ಪಿಂಗ್ ಎಷ್ಟು? ಅಷ್ಟರಲ್ಲಿ ಎದುರಿನ ಟ್ಯಾಂಕ್ ಎಷ್ಟು ಮೀಟರ್ ಸರಿದಿರುತ್ತದೆ?