ವಂಶವಾಹಿ ಚಿಕಿತ್ಸೆಯ ಶಕ್ತಿ ಮತ್ತು ಮೇರೆ

ಮಾತಾಪಿತೃಗಳಿಂದ ಮಕ್ಕಳಿಗೆ ರೂಪ, ವರ್ಣಗಳು ಬರುವಂತೆ ಕೆಲವು ವ್ಯಾಧಿಗಳೂ ಬರುತ್ತವೆ. ಅವುಗಳ ಮೂಲವು ಜೀವಕೋಶದೊಳಗಿನ ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿ ಅಡಗಿದೆ. ದೋಷಯುಕ್ತ ಜೀನನ್ನು ತಿದ್ದುವುದು, ಇಲ್ಲವೆ ಅದರ ಕಾರ್ಯವನ್ನು ನಿರ್ವಹಿಸಬಲ್ಲ ಮತ್ತೊಂದನ್ನು ಕೋಶಕ್ಕೆ ಸೇರಿಸುವುದು ವಂಶವಾಹಿ ಚಿಕಿತ್ಸೆಯ ಉದ್ದೇಶವಾಗಿದೆ.

ಈ ಚಿಕಿತ್ಸೆಯ ಹಾದಿ ಸುಗಮವಾಗಿರಲಿಲ್ಲ. 1990ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯ ಕೊರತೆಯಿದ್ದ ನಾಲ್ಕು ವರ್ಷದ ಬಾಲಿಕೆಗೆ ಇದನ್ನು ಪ್ರಯೋಗಿಸಲಾಯಿತು. ಆಕೆ ಬದುಕಿದಳು. ಆದರೆ 1999ರಲ್ಲಿ ಫಿಲಡೆಲ್ಫಿಯಾದಲ್ಲಿ ಬೇರೊಂದು ವ್ಯಾಧಿಗಾಗಿ ಪ್ರಯೋಗಕ್ಕೊಳಗಾದ 18 ವರ್ಷದ ತರುಣನು, ಜೀನನ್ನು ಹೊತ್ತೊಯ್ದ ವೈರಸ್ಸಿಗೆ ದೇಹವು ತೋರಿದ ಉಗ್ರ ಪ್ರತಿಕ್ರಿಯೆಯಿಂದ ನಾಲ್ಕೇ ದಿನಗಳಲ್ಲಿ ಮೃತನಾದನು.

2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಇಮ್ಯಾನುಯೆಲ್ ಶಾರ್ಪೆಂಟಿಯೆ ಎಂಬ ವಿದುಷಿಯರು, ಜೀನನ್ನು ಬೇಕಾದೆಡೆಯಲ್ಲಿ ಕತ್ತರಿಸಬಲ್ಲ ‘ಕ್ರಿಸ್ಪರ್’ ಎಂಬ ಸಾಧನವನ್ನು ವಿವರಿಸಿದರು. ಅದಕ್ಕಾಗಿ 2020ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಈ ಸಾಧನವನ್ನು ಬಳಸುವ ಚಿಕಿತ್ಸೆಯೊಂದಕ್ಕೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಸಮ್ಮತಿಯಿತ್ತವು. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ರಕ್ತನಾಳಗಳನ್ನು ಅಡ್ಡಗಟ್ಟುವ ‘ಸಿಕಲ್ ಸೆಲ್’ ರೋಗಕ್ಕೆ ಅದನ್ನು ಕೊಡುತ್ತಾರೆ. ರೋಗಿಯ ರಕ್ತೋತ್ಪಾದಕ ಆಕರಕೋಶಗಳನ್ನು ಹೊರತೆಗೆದು, ಶೈಶವದಲ್ಲಿ ನಿಂತುಹೋಗುವ ಗರ್ಭಕಾಲದ ಹಿಮೋಗ್ಲೋಬಿನ್ ಮರಳಿ ಉತ್ಪನ್ನವಾಗುವಂತೆ ತಿದ್ದಿ, ಪುನಃ ದೇಹಕ್ಕೆ ಸೇರಿಸುವರು. ಅಮೆರಿಕದಲ್ಲಿ ಇದಕ್ಕೆ ನಿಗದಿಯಾದ ಬೆಲೆ 22 ಲಕ್ಷ ಡಾಲರ್. ಆಫ್ರಿಕದ ಜನರಲ್ಲಿಯೂ ನಮ್ಮ ದೇಶದ ಅನೇಕ ಗಿರಿಜನರಲ್ಲಿಯೂ ಕಾಣುವ ರೋಗಕ್ಕೆ ಇಂಥ ಬೆಲೆಯ ಔಷಧ ದೊರೆತಿದೆಯೆಂಬುದು ಆಲೋಚಿಸತಕ್ಕ ವಿಷಯ.

ಇಲ್ಲಿ ಮತ್ತೊಂದು ಸೂಕ್ಷ್ಮವಿದೆ. ಗುಣಹೊಂದಿದ ರೋಗಿಯ ರಕ್ತವಷ್ಟೇ ಬದಲಾಗಿದೆ. ವೀರ್ಯಾಣು ಅಥವಾ ಅಂಡಾಣುವಿನಲ್ಲಿ ಮೂಲದೋಷ ಹಾಗೆಯೇ ಉಳಿದಿದ್ದು ಸಂತಾನಕ್ಕೆ ಹರಿಯುತ್ತದೆ. ಹಾಗಾದರೆ ಭ್ರೂಣದಲ್ಲಿಯೇ ಅದನ್ನು ತಿದ್ದಬಾರದೇಕೆ?

ಭ್ರೂಣದಲ್ಲಿ ಮಾಡಿದ ತಿದ್ದುಪಡಿ ಆ ಶಿಶುವಿನ ದೇಹವನ್ನೆಲ್ಲ ವ್ಯಾಪಿಸಿ ಮುಂದಿನ ಪೀಳಿಗೆಗಳಿಗೂ ಸಲ್ಲುತ್ತದೆ. ಕತ್ತರಿ ತಪ್ಪಿದಲ್ಲಿ ಆ ತಪ್ಪೂ ಸಲ್ಲುತ್ತದೆ. 2018ರಲ್ಲಿ ಚೀನಾದ ಹೆ ಜಿಯಾಂಕುಯಿ ಎಂಬ ವಿಜ್ಞಾನಿ, ಏಡ್ಸ್ ವೈರಸ್ ತಗಲದಂತೆ ಭ್ರೂಣಗಳನ್ನು ತಿದ್ದಿದುದಾಗಿಯೂ ಅವಳಿ ಹೆಣ್ಣುಶಿಶುಗಳು ಜನಿಸಿದುದಾಗಿಯೂ ಘೋಷಿಸಿದಾಗ ಲೋಕದ ವಿಜ್ಞಾನಿಗಳು ಖಂಡಿಸಿದರು. 2019ರಲ್ಲಿ ಅಲ್ಲಿಯ ನ್ಯಾಯಾಲಯ ಆತನಿಗೆ ಮೂರು ವರ್ಷದ ಸೆರೆವಾಸ ವಿಧಿಸಿತು. ಭಾರತದಲ್ಲಿಯೂ 2019ರ ರಾಷ್ಟ್ರೀಯ ಮಾರ್ಗಸೂಚಿಗಳು ಸಂತಾನಕ್ಕೆ ಹರಿಯುವಂಥ ಜೀನ್ ಚಿಕಿತ್ಸೆಯನ್ನು ನಿಷೇಧಿಸಿವೆ.

ಪ್ರಾಪ್ತವಯಸ್ಕ ರೋಗಿಯು ಅಪಾಯವನ್ನು ಅರಿತು ಒಪ್ಪಬಹುದು, ಒಲ್ಲೆನೆನ್ನಬಹುದು. ಹುಟ್ಟದವರನ್ನು ಕೇಳುವವರಾರು? ಹಿರಿಯರು ಬಿಟ್ಟುಹೋದ ಆಸ್ತಿ ಬೇಡವಾದರೆ ಮಕ್ಕಳು ಅದನ್ನು ತ್ಯಜಿಸಬಲ್ಲರು. ಕೋಶಕೋಶದಲ್ಲಿ ಬರೆದಿಟ್ಟುದನ್ನು ತ್ಯಜಿಸಲಾರರು. ವೈದ್ಯನ ಕೈ ಸದ್ಯಕ್ಕೆ ತಡೆದು ನಿಲ್ಲಬೇಕಾದ ಮೇರೆ ಇದೇ.