ರಸ್ತೆ ದಾಟಲು ಎಷ್ಟು ಸೆಕೆಂಡು ಬೇಕು?

ನಡಿಗೆಯು ಆರೋಗ್ಯಕ್ಕೆ ಹಿತಕರವೆಂದು ವೈದ್ಯರು ಹೇಳುತ್ತಾರೆ. ಮನೆಯ ಹಿರಿಯರಿಗೆ ನಾವೂ ಅದನ್ನೇ ಹೇಳುತ್ತೇವೆ. ಆದರೆ ಮುಖ್ಯರಸ್ತೆ ದಾಟುವ ಅಂಜಿಕೆಯಿಂದ ಎಷ್ಟೋ ಹಿರಿಯರು ಹೊರಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ಈ ಅಂಜಿಕೆಗೆ ಕಾರಣವಿದೆ. ಸಣ್ಣದೊಂದು ಲೆಕ್ಕದಿಂದ ಅದನ್ನು ತಿಳಿಯಬಹುದು.

ಸಂಚಾರ ದೀಪಗಳ ಅವಧಿಯನ್ನು ನಿಗದಿಪಡಿಸುವಾಗ, ಪಾದಚಾರಿಗಳು ಸೆಕೆಂಡಿಗೆ 1.2 ಮೀಟರ್ ನಡೆಯುವರೆಂದು ಅನೇಕ ದೇಶಗಳಲ್ಲಿ ಬಹುಕಾಲದಿಂದ ಎಣಿಸಲಾಗಿದೆ. ಆ ಪ್ರಕಾರ 14 ಮೀಟರ್ ಅಗಲದ ರಸ್ತೆಗೆ ಸುಮಾರು 12 ಸೆಕೆಂಡು ಸಾಕು. ಮಂಡಿನೋವಿನಿಂದ ಕೋಲೂರಿ ನಡೆಯುವವರ ವೇಗ 0.8 ಮೀಟರ್ ಎಂದಿಟ್ಟುಕೊಂಡರೆ ಹದಿನೇಳೂವರೆ ಸೆಕೆಂಡು ಬೇಕು. 12 ಸೆಕೆಂಡಿಗೇ ದೀಪ ಬದಲಾದರೆ ಅವರಿಗೆ ಇನ್ನೂ 4 ಮೀಟರಿಗಿಂತ ಹೆಚ್ಚು ದಾರಿ ಉಳಿದಿರುತ್ತದೆ, ವಾಹನಗಳು ಹೊರಟಿರುತ್ತವೆ.

ಇದಕ್ಕೆ ಪರಿಹಾರಗಳುಂಟು. ಸಿಂಗಾಪುರದಲ್ಲಿ 2009ರಿಂದ ಹಿರಿಯರು ತಮ್ಮ ಕಾರ್ಡನ್ನು ದೀಪಸ್ತಂಭದ ಯಂತ್ರಕ್ಕೆ ತಾಗಿಸಿದರೆ ಹಸಿರು ದೀಪವು ಕೆಲವು ಸೆಕೆಂಡು ಹೆಚ್ಚು ಉರಿಯುವ ವ್ಯವಸ್ಥೆಯಿದೆ. ರಸ್ತೆಯ ನಡುವೆ ಸುರಕ್ಷಿತವಾಗಿ ನಿಲ್ಲುವ ತಾಣವಿದ್ದರೆ 14 ಮೀಟರನ್ನು ಏಳೇಳು ಮೀಟರಿನಂತೆ ಎರಡು ಸಲ ದಾಟಬಹುದು. ಒಂದೊಂದು ಸಲಕ್ಕೆ ಸುಮಾರು 9 ಸೆಕೆಂಡು ಸಾಕು.

ಸಮಯವೊಂದೇ ಸಾಲದು. ಪಾದಚಾರಿ ಮಾರ್ಗದ ಅಂಚು ಎತ್ತರವಿದ್ದರೆ ಗಾಲಿಕುರ್ಚಿ ಇಳಿಯಲಾರದು; ಅಲ್ಲಿ ಇಳಿಜಾರು ಬೇಕು. ದೃಷ್ಟಿಹೀನರಿಗೆ ರಸ್ತೆ ಆರಂಭವಾಗುವ ಸ್ಥಳವನ್ನು ಪಾದಗಳೇ ತಿಳಿಸಬೇಕು. ಇದಕ್ಕಾಗಿ ಜಪಾನಿನ ಸೇಯಿಚಿ ಮಿಯಾಕೆಯವರು ಉಬ್ಬು ಚುಕ್ಕೆಗಳ ಹಾಸುಗಲ್ಲನ್ನು ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯ ಬಳಿ ಅದನ್ನು ಮೊದಲು ಹಾಸಲಾಯಿತು. ಇಂದು ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಕಾಣುವ ಹಳದಿ ಹಾಸುಗಳು ಅದರ ಸಂತತಿಯೇ. ಉಬ್ಬು ಗೆರೆಗಳೆಂದರೆ ಮುಂದೆ ನಡೆಯಿರಿ, ಚುಕ್ಕೆಗಳೆಂದರೆ ಎಚ್ಚರ ವಹಿಸಿರಿ ಎಂದರ್ಥ.

ವಾಹನದ ವೇಗವೂ ಮುಖ್ಯ. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನವು ಚಾಲಕನು ಎಚ್ಚೆತ್ತುಕೊಳ್ಳುವ ಒಂದೇ ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಮುನ್ನುಗ್ಗುತ್ತದೆ. 30 ಕಿಲೋಮೀಟರ್ ವೇಗದಲ್ಲಿ 8 ಮೀಟರ್ ಮಾತ್ರ. ದಾಟುವ ಪಟ್ಟಿಯನ್ನೇ ಉಬ್ಬಿನಂತೆ ಎತ್ತರಿಸಿದರೆ ವೇಗವು ತಾನಾಗಿಯೇ ತಗ್ಗುತ್ತದೆ, ನಡೆಯುವವರಿಗೆ ಸಮತಟ್ಟಾದ ದಾರಿಯೂ ದೊರೆಯುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಅಡೆತಡೆಯಿಲ್ಲದ ಸಂಚಾರವನ್ನು ಹಕ್ಕೆಂದೇ ಪರಿಗಣಿಸಿದೆ. ಆದ್ದರಿಂದ ಭಕ್ತಬಾಂಧವರು ತಮ್ಮ ಊರಿನ ಮುಖ್ಯರಸ್ತೆಯಲ್ಲಿ ಹಿರಿಯರೊಬ್ಬರ ಕೈಹಿಡಿದು ಒಮ್ಮೆ ದಾಟಿ, ಸೆಕೆಂಡುಗಳನ್ನು ಎಣಿಸಲಿ. ಆ ಲೆಕ್ಕವನ್ನು ಬರೆದು ನಗರಸಭೆಗೋ ಪಂಚಾಯಿತಿಗೋ ಮನವಿ ಸಲ್ಲಿಸಲಿ. ವಾಹನ ನಡೆಸುವಾಗ ನಾವು ಪಟ್ಟಿಯ ಹಿಂದೆಯೇ ನಿಂತು, ಅವರು ಆಚೆ ಬದಿ ತಲುಪುವವರೆಗೂ ಕಾಯೋಣ.